ಶ್ರೀರಾಮಪುರದಿಂದ ಮೇಲ್ಮನೆಗೆ: ಎಂಎಲ್‌ಸಿ ಸಿದ್ಧಲಿಂಗಯ್ಯ

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಏರಿಯಾ ಎಂಎಲ್‌ಎ ಯಾರು? ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರ ಕಡೆಯವರು ಕಣ್ಣು ಮುಚ್ಚಿಕೊಂಡು ಹೇಳ್ತೀರಿ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದ್ರೆ ಸಾಕು, ಫ್ಲೆಕ್ಸ್ ಮೇಲೆ ಅವರ ಮುಖ ಇದ್ದೇ ಇರುತ್ತೆ. ಸರಿ, ನಿಮಗೆ ಗೊತ್ತಿರೋ ಒಬ್ಬ ಎಂಎಲ್‌ಸಿ ಹೆಸರು ಹೇಳಿ ನೋಡೋಣ.

ಕಷ್ಟ ಅಲ್ವಾ? ನಮ್ಮ ರಾಜ್ಯಕ್ಕೆ ಎರಡು ಮನೆಗಳಿವೆ. ಕೆಳಮನೆ ಅಂದ್ರೆ ವಿಧಾನಸಭೆ, 224 ಜನ, ನೀವು ವೋಟ್ ಹಾಕಿ ಕಳಿಸೋರು. ಮೇಲ್ಮನೆ ಅಂದ್ರೆ ವಿಧಾನ ಪರಿಷತ್ತು, 75 ಜನ. ಪೇಪರಿನವರು ಪ್ರೀತಿಯಿಂದ ಇದನ್ನ ‘ಚಿಂತಕರ ಚಾವಡಿ’ ಅಂತಾರೆ. ಇಲ್ಲಿನ ಸದಸ್ಯರಲ್ಲಿ ಹೆಚ್ಚಿನವರು ಶಾಸಕರ ವೋಟಿಂದಲೋ, ಸ್ಥಳೀಯ ಸಂಸ್ಥೆಗಳ ವೋಟಿಂದಲೋ, ಪದವೀಧರರು, ಶಿಕ್ಷಕರ ವೋಟಿಂದಲೋ ಬರ್ತಾರೆ. 11 ಜನ ಮಾತ್ರ ಯಾವ ಚುನಾವಣೆಯನ್ನೂ ಎದುರಿಸದೆ ಬರ್ತಾರೆ. ಸರ್ಕಾರ ಹೆಸರು ಕೊಡುತ್ತೆ, ರಾಜ್ಯಪಾಲರು ನಾಮನಿರ್ದೇಶನ ಮಾಡ್ತಾರೆ. ಸಂವಿಧಾನದ 171ನೇ ವಿಧಿ ಪ್ರಕಾರ ಈ ಸೀಟುಗಳು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರಿ ಚಳವಳಿ, ಸಮಾಜ ಸೇವೆಯಲ್ಲಿ ಅನುಭವ ಇರೋರಿಗೆ ಮೀಸಲು. ವಾಸ್ತವದಲ್ಲಿ ಯಾರ್ಯಾರಿಗೆ ಸಿಗುತ್ತೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಆದರೆ ಒಮ್ಮೊಮ್ಮೆ ಈ ಬಾಗಿಲಿಂದ ಯಾರೂ ನಿರೀಕ್ಷೆ ಮಾಡದ ಮನುಷ್ಯರು ಒಳಗೆ ಹೋಗಿದ್ದಾರೆ. ಅಂಥ ಒಬ್ಬರ ಕಥೆ ಇವತ್ತಿನದು. ನಮ್ಮ ಶ್ರೀರಾಮಪುರದ ಸ್ಲಮ್ಮಿನಲ್ಲಿ ಬೆಳೆದು, 34ನೇ ವಯಸ್ಸಿಗೆ ಎಂಎಲ್‌ಸಿ ಆಗಿ, ಒಟ್ಟು ಎರಡು ಅವಧಿ ಮೇಲ್ಮನೆಯಲ್ಲಿ ಕೂತವರು. ಹೆಸರು ಸಿದ್ಧಲಿಂಗಯ್ಯ. ಹೌದು, ಕವಿ ಸಿದ್ಧಲಿಂಗಯ್ಯನವರೇ. ಕವಿ ಅಂತ ಅವರ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ನಾನು ಬಿ.ಕಾಂ. ಓದಿದವರ ಪೈಕಿ, ಕಾವ್ಯ ವಿಮರ್ಶೆ ನನ್ನ ಕೈಲಿ ಆಗೋ ಕೆಲಸ ಅಲ್ಲ. ನನಗೆ ಕುತೂಹಲ ಇರೋದು ಶಾಸಕ ಸಿದ್ಧಲಿಂಗಯ್ಯನವರ ಬಗ್ಗೆ. ಸರ್ಕಾರದ ವಿರುದ್ಧ ಬೀದಿಯಲ್ಲಿ ಹಾಡಿದವರು ಅದೇ ಸರ್ಕಾರ ಕೊಟ್ಟ ಸೀಟಲ್ಲಿ ಕೂತಾಗ ಏನಾಗುತ್ತೆ?

ಮೊದಲು ಊರಿನಿಂದ ಬರೋಣ. 1954ರ ಫೆಬ್ರವರಿ 3ರಂದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಈಗ ವೀಕೆಂಡ್ ಬಂದ್ರೆ ಬೈಕ್ ತಗೊಂಡು ಡ್ಯಾಮ್ ನೋಡೋಕೆ ಹೋಗ್ತೀವಲ್ಲ, ಅದೇ ಮಂಚನಬೆಲೆ. ಅವರ ಆತ್ಮಕಥೆ ‘ಊರುಕೇರಿ’ಯಲ್ಲಿ ಬಾಲ್ಯದ ಒಂದು ದೃಶ್ಯ ಇದೆ. ಒಂದು ಹೊಲ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಒಬ್ಬ ನೇಗಿಲು ಹಿಡಿದು ಉಳ್ತಿದಾನೆ. ಎತ್ತುಗಳ ಜಾಗದಲ್ಲಿ ಮನುಷ್ಯರು. ಆ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿದ ಹುಡುಗ ಇದನ್ನ ಕಣ್ಣಾರೆ ಕಂಡಿದ್ದು, ನೆನಪಿರಲಿ.

‘ಊರುಕೇರಿ’ ಅನ್ನೋ ಹೆಸರನ್ನೇ ಸ್ವಲ್ಪ ನೋಡಿ. ಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ. ಊರು ಅಂದ್ರೆ ಮೇಲ್ಜಾತಿಯವರು ಇರೋ ಕಡೆ, ಕೇರಿ ಅಂದ್ರೆ ದಲಿತರು ಇರೋ ಕಡೆ. ಒಂದೇ ಹಳ್ಳಿ, ಎರಡು ಪ್ರಪಂಚ. ನಾವು ಸಿಟಿಯವರು, ಇಲ್ಲಿ ಅದೆಲ್ಲ ಇಲ್ಲ ಅಂತೀವಿ. ಒಂದ್ಸಲ ಬೆಂಗಳೂರಿನ ಪಶ್ಚಿಮದ ಮ್ಯಾಪ್ ತೆಗೆದು ನೋಡಿ. ರೈಲು ಹಳಿಯ ಆಚೆ ಮಲ್ಲೇಶ್ವರ. 1898ರ ಪ್ಲೇಗ್ ಆದ ಮೇಲೆ ಪ್ಲಾನ್ ಮಾಡಿ ಕಟ್ಟಿದ ಬಡಾವಣೆ. ಈ ಕಡೆ ರಾಜಾಜಿನಗರ, 1949ರಲ್ಲಿ ರಾಜಾಜಿಯವರ ಹೆಸರಲ್ಲಿ ಶುರುವಾದ ಕೈಗಾರಿಕಾ ಉಪನಗರ. ಅಳತೆ ಹಾಕಿದ ಸೈಟು, ನಂಬರ್ ಹಾಕಿದ ಬ್ಲಾಕು, ನೇರ ರಸ್ತೆ. ಇವೆರಡರ ನಡುವೆ ಒತ್ತಿ ಕೂತಿರೋದು ಶ್ರೀರಾಮಪುರ. ಸುತ್ತಮುತ್ತಲಿನ ಬಟ್ಟೆ ಗಿರಣಿಗಳಿಗೆ ಹೋಗೋ ಕೂಲಿಗಳು, ಕನ್ನಡ ತಮಿಳು ತೆಲುಗು ಎಲ್ಲ ಮಾತಾಡೋ ಜನ, ಒಂದು ಗೋಡೆಗೆ ಎರಡು ಮನೆ. ನನ್ನ ಪ್ರಕಾರ ಅದು ನಮ್ಮ ಕಡೆಯ ಕೇರಿ. ಬೋರ್ಡ್ ಹಾಕಿಲ್ಲ ಅಷ್ಟೆ.

ಮಂಚನಬೆಲೆ ಬಿಟ್ಟು ಬೆಂಗಳೂರಿಗೆ ಬಂದ ಕುಟುಂಬ ಬಂದು ಸೇರಿದ್ದು ಇಲ್ಲಿಗೆ. ಮಾಗಡಿ ರಸ್ತೆಯ ಗೋಪಾಲಪುರದ ಹಾಸ್ಟೆಲ್ಲಿನಲ್ಲಿ ಹುಡುಗ ಓದಿದ. ಮನೆಯಲ್ಲಿ ಕೂತು ಓದೋಕೆ ಜಾಗ ಇಲ್ಲ. ಹಾಗಾಗಿ ಅವರು ಹುಡುಕಿಕೊಂಡ ರೀಡಿಂಗ್ ರೂಮ್ ಯಾವುದು ಗೊತ್ತಾ? ಶ್ರೀರಾಮಪುರದ ಸ್ಮಶಾನ. ಗೋರಿಗಳ ಮಧ್ಯೆ ಕೂತು ಓದೋದು, ಅಲ್ಲೇ ಪದ್ಯ ಬರೆಯೋದು. ಇದನ್ನ ಅವರು ಅಳುತ್ತಾ ಹೇಳಲ್ಲ, ನಗಿಸುತ್ತಾ ಹೇಳ್ತಾರೆ. ಹಸಿವು, ಅವಮಾನ, ಹಾಸ್ಟೆಲ್ಲಿನ ಊಟ, ದೆವ್ವ, ಪೊಲೀಸು ಎಲ್ಲದರ ಬಗ್ಗೆಯೂ ಹೀಗೇ. ‘ಊರುಕೇರಿ’ ಓದೋವಾಗ ಬಿಎಂಟಿಸಿ ಬಸ್ಸಲ್ಲಿ ಒಬ್ಬೊಬ್ಬರೇ ನಕ್ಕು ಪಕ್ಕದವರು ತಿರುಗಿ ನೋಡೋ ಹಾಗೆ ಆಗುತ್ತೆ. ಆಮೇಲೆ ಯಾವುದಕ್ಕೆ ನಕ್ಕೆ ಅಂತ ಯೋಚನೆ ಮಾಡಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಈಗ 1973ಕ್ಕೆ ಬನ್ನಿ. ಶಾಸಕ ಸಿದ್ಧಲಿಂಗಯ್ಯ ಅರ್ಥ ಆಗಬೇಕಾದ್ರೆ ಇನ್ನೊಬ್ಬ ಶಾಸಕರ ಕಥೆ ಗೊತ್ತಿರಬೇಕು. ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ನೋಡ್ಕೊಳ್ತಿದ್ದ ದಲಿತ ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ಈ ರಾಜ್ಯದಲ್ಲಿ ನಿಷೇಧ ಮಾಡಿದವರು. ಈಗಲೂ ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಕಾಣುತ್ತೆ. ಕನ್ಸರ್ವೆನ್ಸಿ ಲೇನ್. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ. ಆಗ ಆ ಗಲ್ಲಿ ಇದ್ದದ್ದೇ ಮಲದ ಬಕೆಟ್ ಹೊತ್ತವರು ಮುಂಬಾಗಿಲ ಕಡೆ ಕಾಣಿಸಿಕೊಳ್ಳಬಾರದು ಅಂತ.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಕಾಲೇಜು ಸಭೆಯಲ್ಲಿ ಬಸವಲಿಂಗಪ್ಪ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ಬೂಸಾ ಅಂದ್ರೆ ದನಕ್ಕೆ ಹಾಕೋ ಮೇವು. ಅಷ್ಟೇ, ಬೆಂಕಿ ಹತ್ತಿಕೊಂಡಿತು. ಮೈಸೂರು, ಬೆಂಗಳೂರು ಎಲ್ಲ ಕಡೆ ಗಲಾಟೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕುವೆಂಪು ಅವರು ಬಸವಲಿಂಗಪ್ಪನವರ ಪರ ನಿಂತರು. ಅಷ್ಟು ದೊಡ್ಡವರು ನಿಂತರೂ ಮಂತ್ರಿಗಿರಿ ಉಳಿಯಲಿಲ್ಲ, ರಾಜೀನಾಮೆ ಕೊಡಬೇಕಾಯಿತು. ಆ ಹೊತ್ತಿಗೆ ಸಿದ್ಧಲಿಂಗಯ್ಯ ಬೆಂಗಳೂರಿನ ಸರ್ಕಾರಿ ಕಲಾ ಕಾಲೇಜಿನ ಹುಡುಗ. ಬಸವಲಿಂಗಪ್ಪನವರ ಕಡೆ ನಿಂತು ಬೀದಿಗಿಳಿದವರಲ್ಲಿ ಅವರೂ ಒಬ್ಬರು. (ಈಗ ಹಸಿರು ಮಾರ್ಗದ ಮೆಟ್ರೋದಲ್ಲಿ ಶ್ರೀರಾಮಪುರ ಆದ ಮೇಲೆ ಬರೋ ನಿಲ್ದಾಣ ‘ಮಹಾಕವಿ ಕುವೆಂಪು ರಸ್ತೆ’. ಹೆಸರಿಟ್ಟವರು ಇದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೂ ನನಗೆ ಖುಷಿ.)

ಈ ಬೂಸಾ ಪ್ರಕರಣದಿಂದ ಎದ್ದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಇವರೆಲ್ಲ ಆ ಸಾಲಿನವರು. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. ಆಗ ಅವರಿಗೆ 21 ವರ್ಷ. ಬೈಗುಳದ ಹಾಗೆ ಬಳಸ್ತಿದ್ದ ಜಾತಿ ಹೆಸರುಗಳನ್ನೇ ಎತ್ತಿ ಪುಸ್ತಕದ ಮುಖಪುಟಕ್ಕೆ ಹಾಕಿದ್ದರು. ಆ ಹಾಡುಗಳು ಪುಸ್ತಕದಲ್ಲಿ ನಿಲ್ಲಲಿಲ್ಲ. ಜಾಥಾ, ಮೆರವಣಿಗೆ, ತಮಟೆ ಅಂತ ರಾಜ್ಯ ಪೂರ್ತಿ ಓಡಾಡಿದವು. ಓದೋಕೆ ಬರದವರಿಗೂ ಬಾಯಿಪಾಠ ಆದವು. ಹೋದ ವರ್ಷ ನನ್ನ ಸ್ನೇಹಿತೆಯೊಬ್ಬಳು ಫ್ರೀಡಂ ಪಾರ್ಕಿನ ಪ್ರತಿಭಟನೆಯೊಂದರಲ್ಲಿ ಅವರ ಹಾಡು ಹಾಡಿ ಬಂದಳು. ಬರೆದವರು ಎಂಎಲ್‌ಸಿ ಆಗಿದ್ದರು ಅಂದೆ. ‘ಸುಮ್ನಿರೋ, ತಮಾಷೆ ಮಾಡ್ಬೇಡ’ ಅಂದಳು.

ತಮಾಷೆ ಅಲ್ಲ. 1988, ಜನತಾ ಪಕ್ಷದ ಸರ್ಕಾರ. ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮೇಲ್ಮನೆ ಸದಸ್ಯರಾಗೋಕೆ ಕನಿಷ್ಠ ವಯಸ್ಸು 30. ಇವರಿಗೆ 34. ‘ಹಿರಿಯರ ಮನೆ’ಗೆ ಹೋದ ಕಿರಿಯರು. ಆರು ವರ್ಷ ಮುಗೀತು. 1995ರಲ್ಲಿ ಜನತಾದಳದ ಸರ್ಕಾರ ಇದ್ದಾಗ ಮತ್ತೆ ನಾಮನಿರ್ದೇಶನ, 2001ರವರೆಗೆ. ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ಬೊಮ್ಮಾಯಿ, ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯ್ಲಿ, ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಇಷ್ಟೂ ಮುಖ್ಯಮಂತ್ರಿಗಳ ಕಾಲ ನೋಡಿದರು.

ಹೊರಗೆ ಏನಾಯಿತು ಅಂದ್ರೆ, ಗುಸುಗುಸು ಶುರುವಾಯಿತು. ಕ್ರಾಂತಿ ಅಂತಿದ್ದವರು ಕುರ್ಚಿ ಹಿಡಿದರು, ವ್ಯವಸ್ಥೆ ಇವರನ್ನೂ ನುಂಗಿತು, ಪದ್ಯದಲ್ಲಿ ಕಿಡಿ ಕಡಿಮೆ ಆಯಿತು, ಇಂಥ ಮಾತುಗಳು. ಮುಂದೆ ಅವರು ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಪುಸ್ತಕ ಪ್ರಾಧಿಕಾರ ಅಂತ ಬೇರೆ ಬೇರೆ ಸರ್ಕಾರಗಳ ಕಾಲದಲ್ಲಿ ಹುದ್ದೆ ಒಪ್ಪಿಕೊಂಡಾಗ ಈ ಮಾತು ಇನ್ನೂ ಜೋರಾಯಿತು. ಇದನ್ನ ಸುಳ್ಳು ಅಂತ ಪಕ್ಕಕ್ಕೆ ತಳ್ಳೋ ಹಾಗಿಲ್ಲ. ಯಾಕಂದ್ರೆ ಕಣ್ಣೆದುರೇ ಇನ್ನೊಂದು ಉದಾಹರಣೆ ಇತ್ತು. ಅದೇ ಚಳವಳಿಯ ದೇವನೂರ ಮಹಾದೇವ ರಾಜ್ಯಸಭೆಗೆ ನಾಮನಿರ್ದೇಶನದ ಮಾತು ಬಂದಾಗ ಬೇಡ ಅಂದವರು. 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನೂ ನಿರಾಕರಿಸಿದರು. ಒಂದೇ ಚಳವಳಿಯ ಇಬ್ಬರು, ಒಂದೇ ಬಾಗಿಲು. ಒಬ್ಬರು ಒಳಗೆ ಹೋದರು, ಒಬ್ಬರು ಹೋಗಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಮುಂಬೈಯಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತಲ್ಲ, ಅದರ ಕವಿ ನಾಮದೇವ ಢಸಾಳ್ ಮುಂದೆ ಶಿವಸೇನೆಗೆ ಹತ್ತಿರ ಆದರು. ಪ್ಯಾಂಥರ್ಸ್‌ನಿಂದ ಬಂದ ರಾಮದಾಸ್ ಅಠವಳೆ 1990ರಲ್ಲಿ ಮಹಾರಾಷ್ಟ್ರದಲ್ಲಿ ಎಂಎಲ್‌ಸಿ ಆಗಿ ಮಂತ್ರಿ ಆದರು. ಬೀದಿ ಚಳವಳಿ ಹತ್ತು-ಹದಿನೈದು ವರ್ಷ ಆದ ಮೇಲೆ ಸುಸ್ತಾಗುತ್ತೆ. ಆಗ ವಿಧಾನಸೌಧದ ಬಾಗಿಲು ಸ್ವಲ್ಪ ತೆರೆದುಕೊಳ್ಳುತ್ತೆ. ಎಲ್ಲ ಕಡೆ ಹೀಗೇ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಅಕೌಂಟ್ಸಿನಲ್ಲಿ ಒಂದು ಕಡೆ ಎಂಟ್ರಿ ಹಾಕಿ ಬಿಟ್ಟರೆ ಲೆಕ್ಕ ಟ್ಯಾಲಿ ಆಗಲ್ಲ. ಆ ಸೀಟಿಗಾಗಿ ಅವರು ಏನು ಕಳ್ಕೊಂಡ್ರು ಅನ್ನೋದನ್ನ ಎಲ್ಲರೂ ಬರೆದಿದ್ದಾರೆ. ಆ ಸೀಟಿಂದ ಸಿಕ್ಕಿದ್ದೇನು?

ಅಧಿಕಾರ ಅಂತೂ ಅಲ್ಲ. ಮೇಲ್ಮನೆಗೆ ಸರ್ಕಾರ ಬೀಳಿಸೋಕೆ ಆಗಲ್ಲ, ಅವಿಶ್ವಾಸ ನಿರ್ಣಯ ಕೆಳಮನೆಯ ವಿಷಯ. ಬಜೆಟ್ಟಿನ ಹಣಕಾಸು ಮಸೂದೆಯನ್ನ 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳೋಕೆ ಆಗಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಇವರಿಗೆ ವೋಟಿಲ್ಲ, ರಾಜ್ಯಸಭೆ ಚುನಾವಣೆಯಲ್ಲೂ ಇಲ್ಲ. ದೇಶದಲ್ಲಿ ಈಗ ಮೇಲ್ಮನೆ ಇರೋದೇ ಆರು ರಾಜ್ಯಗಳಲ್ಲಿ. ಆಂಧ್ರದ ವಿಧಾನಸಭೆ 2020ರಲ್ಲಿ ತನ್ನ ಮೇಲ್ಮನೆಯೇ ಬೇಡ ಅಂತ ನಿರ್ಣಯ ಮಾಡಿತ್ತು. ನಾಮನಿರ್ದೇಶನಗೊಂಡವರ ಸ್ಥಿತಿ ಇನ್ನೂ ನಾಜೂಕು. 2020ರಲ್ಲಿ ಪಕ್ಷಾಂತರ ಕಾಯ್ದೆಯಡಿ ಅನರ್ಹರಾಗಿದ್ದ ಎಚ್. ವಿಶ್ವನಾಥ್ ಅವರನ್ನ ಸಾಹಿತ್ಯ ಕೋಟಾದಲ್ಲಿ ಪರಿಷತ್ತಿಗೆ ತಂದಾಗ ಹೈಕೋರ್ಟ್ ಏನಂತು? ಗೆದ್ದು ಬಂದರೆ ಅನರ್ಹತೆ ಹೋಗುತ್ತೆ, ನಾಮನಿರ್ದೇಶನ ಆದರೆ ಹೋಗಲ್ಲ, ಮಂತ್ರಿ ಆಗೋ ಹಾಗಿಲ್ಲ ಅಂತ. ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು.

ಹಾಗಾದರೆ ಆ ಸೀಟಿಗೆ ಏನಿದೆ? ಮಾತಿದೆ. ಬರೀ ಮಾತು. ಆದರೆ ಆ ಮಾತಿಗೆ ಎರಡು ವಿಶೇಷ ಇವೆ, ಮತ್ತು ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನಿಸೋದು ಇದೇ.

ಸದಸ್ಯರೊಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು. ಉತ್ತರ ಸರಿ ಇಲ್ಲ ಅಂದ್ರೆ ಮೇಲೆ ಉಪಪ್ರಶ್ನೆ. ಮಂತ್ರಿಗೆ ಆ ಉತ್ತರ ಕೊಡೋಕೆ ಇಲಾಖೆ ಕಡತ ತೆಗೀಬೇಕು, ಜಿಲ್ಲೆಯಿಂದ ಮಾಹಿತಿ ತರಿಸಬೇಕು. ಶ್ರೀರಾಮಪುರದ ಒಬ್ಬ ಹುಡುಗ ಹಾಸ್ಟೆಲ್ ವಾರ್ಡನ್‌ನ ಕೇಳಿದ್ರೆ ‘ಹೋಗೋ ಆಚೆ’ ಅನ್ನಿಸಿಕೊಳ್ಳೋ ಪ್ರಶ್ನೆಯನ್ನ ಸದನದಲ್ಲಿ ಕೇಳಿದ್ರೆ, ‘ಮಾನ್ಯ ಸಭಾಪತಿಗಳೇ’ ಅಂತ ಶುರು ಮಾಡಿ ಸರ್ಕಾರ ಉತ್ತರ ಕೊಡುತ್ತೆ. ಅದೆಲ್ಲ ಕಲಾಪದಲ್ಲಿ ಅಕ್ಷರ ಅಕ್ಷರ ದಾಖಲಾಗುತ್ತೆ.

ಇನ್ನೊಂದು ಸಂವಿಧಾನದ 194ನೇ ವಿಧಿ. ಸದನದ ಒಳಗೆ ಶಾಸಕರು ಆಡಿದ ಮಾತಿಗೆ ಯಾವ ಕೋರ್ಟಲ್ಲೂ ಕೇಸ್ ಹಾಕೋ ಹಾಗಿಲ್ಲ. ಸಭಾಪತಿಗಳು ಕಡತದಿಂದ ತೆಗೆಸಬಹುದು, ಅಷ್ಟೆ. ಈಗ ಬಸವಲಿಂಗಪ್ಪನವರನ್ನ ನೆನೆಸಿಕೊಳ್ಳಿ. ಅವರು ಬೂಸಾ ಅಂದಿದ್ದು ಕಾಲೇಜಿನ ಸಭೆಯಲ್ಲಿ. ಮಂತ್ರಿಯಾಗಿದ್ದರೂ ಆ ಮಾತಿಗೆ ಯಾವ ರಕ್ಷಣೆಯೂ ಇರಲಿಲ್ಲ. ಸದನದಲ್ಲಿ ಅಂದಿದ್ದರೂ ಗಲಾಟೆ ಆಗ್ತಿತ್ತೋ ಏನೋ, ಕುರ್ಚಿ ಹೋಗ್ತಿತ್ತೋ ಏನೋ. ಆದರೆ ಒಬ್ಬ ದಲಿತ ಮನುಷ್ಯ ಬಾಯಿ ಬಿಟ್ಟರೆ ಎಷ್ಟು ದಂಡ ಕಟ್ಟಬೇಕು ಅನ್ನೋದನ್ನ 19ನೇ ವಯಸ್ಸಿನಲ್ಲಿ ಬೀದಿಯಲ್ಲಿ ನಿಂತು ನೋಡಿದ ಹುಡುಗನಿಗೆ, ಮಾತಿಗೆ ದಂಡ ಇಲ್ಲದ ಒಂದು ಜಾಗದ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಇದು ನನ್ನ ಊಹೆ. ಆದರೆ ಅವರು ಆ ಸೀಟು ಒಪ್ಪಿದ್ದಕ್ಕೆ ಆಸೆ ಅನ್ನೋ ಒಂದೇ ಕಾರಣ ಕೊಡೋದಕ್ಕಿಂತ ಈ ಊಹೆ ನನಗೆ ಹೆಚ್ಚು ಸರಿ ಕಾಣುತ್ತೆ.

ಅವರು ಆ ಮಾತನ್ನ ಬಳಸಿದರಾ? ಬಳಸಿದರು, ಅದಕ್ಕೆ ಸಾಕ್ಷಿ ಇದೆ. ‘ಸದನದಲ್ಲಿ ಸಿದ್ಧಲಿಂಗಯ್ಯ’ ಅಂತ ಎರಡು ಭಾಗಗಳಲ್ಲಿ ಅವರ ಪರಿಷತ್ತಿನ ಮಾತುಗಳು ಪುಸ್ತಕ ಆಗಿವೆ. ನಮ್ಮಲ್ಲಿ ಎಷ್ಟು ಶಾಸಕರ ಸದನದ ಮಾತು ಪುಸ್ತಕ ಆಗಿ ಬಂದಿದೆ, ಬೆರಳಲ್ಲಿ ಎಣಿಸಿ ನೋಡಿ. ಶಾಂತವೇರಿ ಗೋಪಾಲಗೌಡರಂಥ ಕೆಲವರ ಹೆಸರು ಬರುತ್ತೆ, ಆಮೇಲೆ ಎಣಿಕೆ ನಿಧಾನ ಆಗುತ್ತೆ. ಮೇಲ್ಮನೆಗೆ ಕವಿಗಳು ಹೋಗಿದ್ದು ಇವರೊಬ್ಬರೇ ಅಲ್ಲ. ಹಳೇ ಮೈಸೂರಿನ ಕಾಲಕ್ಕೆ ಡಿವಿಜಿ ಇದ್ದರು, ಆಮೇಲೆ ಚಂದ್ರಶೇಖರ ಕಂಬಾರ, ದೊಡ್ಡರಂಗೇಗೌಡ ಬಂದರು. ಆದರೆ ಇವರ ಹಾಗೆ ನೊಗ ಹೊತ್ತವರ ಮನೆಯಿಂದ ನೇರ ಬಂದು, ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿರೋ ಕಟ್ಟಡದ ಒಳಗೆ ಸರ್ಕಾರಕ್ಕೆ ಪ್ರಶ್ನೆ ಕೇಳೋದು ಬೇರೆ ತರದ ಘಟನೆ.

ಇಲ್ಲೊಂದು ವಿಚಿತ್ರ ಇದೆ. ಬೀದಿಯಲ್ಲಿ ಹಾಡಿದ ಹಾಡು ಈಗಲೂ ಎಲ್ಲರ ಬಾಯಲ್ಲಿದೆ. ಯೂಟ್ಯೂಬಲ್ಲಿ ಹುಡುಕಿ, ನೂರಾರು ಜನ ಹಾಡಿದಾರೆ, ಕೆಲವರು ಬರೆದವರ ಹೆಸರೂ ಹಾಕಿಲ್ಲ. ಸದನದಲ್ಲಿ ಆಡಿದ ಮಾತು, ಅಷ್ಟೆಲ್ಲ ರಕ್ಷಣೆ, ದಾಖಲೆ, ಪುಸ್ತಕ ಇದ್ದರೂ, ಯಾರೂ ಕೇಳೋರಿಲ್ಲ. ಕಾನೂನು ಹಾಡಿಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ, ಜನ ಕೊಟ್ಟರು. ಒಳಗೆ ಹೋಗಬೇಡಿ ಅಂದ ಗೆಳೆಯರಿಗೆ ಇದು ಗೊತ್ತಿತ್ತು ಅಂತ ಕಾಣುತ್ತೆ. ಅವರ ಮಾತಲ್ಲೂ ನ್ಯಾಯ ಇದೆ.

ಅಂದ ಹಾಗೆ, ಶಾಸಕಗಿರಿ ಮಧ್ಯೆಯೂ ಅವರ ಮೇಷ್ಟ್ರ ಕೆಲಸ ಬಿಟ್ಟುಹೋಗಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಪ್ರಾಧ್ಯಾಪಕರು. ಅದೇ ನಮ್ಮ ಕೆಂಗೇರಿ ದಾರಿಯ ಜ್ಞಾನಭಾರತಿ ಕ್ಯಾಂಪಸ್. ಪಿಎಚ್‌.ಡಿ. ಮಾಡಿದ್ದು ಗ್ರಾಮದೇವತೆಗಳ ಮೇಲೆ. ದೇವರು-ದೆವ್ವದ ವಿರುದ್ಧ ವಿಚಾರವಾದ ಮಾತಾಡ್ತಿದ್ದವರು ಮಾರಿ, ಮಸಣಿ ಅಂತ ಹಳ್ಳಿ ಹಳ್ಳಿ ತಿರುಗಿದರು ಅಂತ ಅದಕ್ಕೂ ಕೆಲವರು ಮುಖ ಸಿಂಡರಿಸಿದರು. ನನಗೆ ಅದರಲ್ಲಿ ವಿರೋಧ ಕಾಣಲ್ಲ. ಕೇರಿಯ ಜನರ ದೇವರುಗಳ ಬಗ್ಗೆ ಕೇರಿಯವರೇ ಬರೆಯೋದು ತಪ್ಪು ಹೇಗಾಗುತ್ತೆ?

2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯ ಅಧ್ಯಕ್ಷರು. ಕನ್ನಡ ಸಾಹಿತ್ಯವನ್ನ ಬೂಸಾ ಅಂದವರ ಪರ ನಿಂತ ಹುಡುಗ, 41 ವರ್ಷ ಆದ ಮೇಲೆ ಅದೇ ಕನ್ನಡ ಸಾಹಿತ್ಯದ ಅತಿ ದೊಡ್ಡ ಮೆರವಣಿಗೆಯಲ್ಲಿ ರಥದ ಮೇಲೆ. ಅವರಿಗೇ ಒಳಗೊಳಗೆ ನಗು ಬಂದಿರಬೇಕು.

2021ರ ಜೂನ್ 11. ಕೋವಿಡ್ ಎರಡನೇ ಅಲೆ. ಆ ತಿಂಗಳುಗಳಲ್ಲಿ ಬೆಂಗಳೂರಲ್ಲಿ ಆಂಬುಲೆನ್ಸ್ ಸದ್ದು ಬಿಟ್ಟರೆ ಬೇರೇನೂ ಕೇಳ್ತಿರಲಿಲ್ಲ, ನಿಮಗೂ ನೆನಪಿರುತ್ತೆ. ಸಿದ್ಧಲಿಂಗಯ್ಯ ಕೋವಿಡ್‌ನಿಂದ ತೀರಿಕೊಂಡರು. 67 ವರ್ಷ. ಜ್ಞಾನಭಾರತಿಯ ಕಲಾಗ್ರಾಮದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ಜಿ.ಎಸ್. ಶಿವರುದ್ರಪ್ಪ, ಅನಂತಮೂರ್ತಿಯವರ ಅಂತ್ಯಕ್ರಿಯೆ ನಡೆದಿದ್ದೂ ಅಲ್ಲೇ. ಊರೂರಲ್ಲಿ ಜನ ಸೇರಿಸಿ ಹಾಡಿದ ಮನುಷ್ಯನನ್ನ ಕಳಿಸಿಕೊಡೋಕೆ ಜನ ಸೇರೋ ಹಾಗಿರಲಿಲ್ಲ. 2022ರ ಜನವರಿಯಲ್ಲಿ ಮರಣೋತ್ತರ ಪದ್ಮಶ್ರೀ ಘೋಷಣೆ ಆಯಿತು.

ಅವರು ಹೋದ ಎರಡೂವರೆ ತಿಂಗಳಿಗೆ, ಆಗಸ್ಟ್ ಕೊನೆಗೆ, ಮೈಸೂರು ರಸ್ತೆಯಿಂದ ಕೆಂಗೇರಿವರೆಗೆ ಮೆಟ್ರೋ ಶುರುವಾಯಿತು. ಈಗ ಶ್ರೀರಾಮಪುರದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಮಾಗಡಿ ರಸ್ತೆ ದಾಟಿ, ವಿಜಯನಗರ, ಅತ್ತಿಗುಪ್ಪೆ ಮೇಲೆ ಹಾದು ಜ್ಞಾನಭಾರತಿಯಲ್ಲಿ ಇಳಿಯಬಹುದು. ಶ್ರೀರಾಮಪುರ, ಗೋಪಾಲಪುರ ಕಡೆ ನಿಮ್ಮ ಅಜ್ಜ-ಅಜ್ಜಿ ಯಾರಾದರೂ ಇದ್ದು, ಎಪ್ಪತ್ತರ ದಶಕದ ಆ ಜಾಥಾಗಳನ್ನ ನೋಡಿದ್ದರೆ, ಅವರ ಹತ್ತಿರ ಕೂತು ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಹಾಡಿನ ರಾಗ ಆಗ ಹೇಗಿತ್ತು ಅಂತ ನನಗೆ ಕೇಳಬೇಕು.